ಕಂಡಕ್ಟಿಗೆ ಕೊಟ್ಟ ಹಾಡು

ಮಾಟುಂಗದಲ್ಲಿ ಒಂದು ಭಾನುವಾರ ಸಂಜೆ ಮುಂಬೈ ಕನ್ನಡಿಗರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ

ನಿಮ್ಮಲ್ಲಿ ಹೋಟೆಲ್ ನಡೆಸಿದವರು ಎಷ್ಟು ಜನ ಇದ್ದೀರಿ? ಒಮ್ಮೆ ಕೈ ಎತ್ತಿ. ಹನ್ನೊಂದು, ಹನ್ನೆರಡು, ಹಿಂದಿನ ಸಾಲಿನಲ್ಲಿ ಇನ್ನಿಬ್ಬರು. ಕೈ ಎತ್ತದೆ ಕೂತವರಲ್ಲೂ ಅರ್ಧಕ್ಕರ್ಧ ಜನರ ಅಪ್ಪನೋ ಮಾವನೋ ಹೋಟೆಲಿನವರೇ. ಹಾಗಾದರೆ ಇವತ್ತಿನ ವಿಷಯ ನಿಮಗೆ ನನಗಿಂತ ಬೇಗ ಅರ್ಥವಾಗುತ್ತದೆ. ವಿಷಯ ರ‍್ಯಾಪ್ ಹಾಡು. ನಗಬೇಡಿ, ನಾನು ಹಾಡುವುದಿಲ್ಲ.

ನಾನು ಅಂಧೇರಿಯಲ್ಲಿ ಲೆಕ್ಕ ಬರೆಯುವವನು. ಹೋಟೆಲುಗಳ ಲೆಕ್ಕ, ಲೈಸೆನ್ಸು, ಟ್ಯಾಕ್ಸು, ಇಷ್ಟೇ ನನ್ನ ಪ್ರಪಂಚ. ರ‍್ಯಾಪ್ ನನ್ನ ಮೇಜಿಗೆ ಬಂದದ್ದು ಒಬ್ಬ ಕ್ಯಾಶಿಯರ್ ಮಗನ ಕೈಯಲ್ಲಿ. ಅಪ್ಪ ಕುಂದಾಪುರದ ಕಡೆಯವರು, ಸಾಕಿನಾಕಾದ ಒಂದು ಹೋಟೆಲಿನ ಗಲ್ಲಾದಲ್ಲಿ ಕೂತು ಕೂದಲು ಬೆಳ್ಳಗಾದವರು. ಮಗ ಇಲ್ಲೇ ಹುಟ್ಟಿದವನು. ಮನೆಯಲ್ಲಿ ಕುಂದಾಪ್ರ ಕನ್ನಡ, ಗಲ್ಲಿಯಲ್ಲಿ ಹಿಂದಿ, ಶಾಲೆಯಲ್ಲಿ ಮರಾಠಿ. ಅವನ ಹಾಡು ಈ ಮೂರನ್ನೂ ಕಲಸಿ ಹುಯ್ದ ದೋಸೆ. ಈಚೆಗೆ ಅವನ ಹೊಸ ಸ್ಟುಡಿಯೊ ಆಲ್ಬಂ ಬಂತು. ಬಂದದ್ದು ಹಳೇ ಲೇಬಲ್ ಬಿಟ್ಟು ಬೇರೆ ಲೇಬಲ್‌ನಿಂದ. ಲೇಬಲ್ ಅಂದರೆ ಹಾಡು ರೆಕಾರ್ಡ್ ಮಾಡಿಸಿ ಮಾರುವ ಕಂಪನಿ. ಹುಡುಗನ ಹೆಸರು ಹೇಳುವುದಿಲ್ಲ, ಎರಡು ಲೇಬಲ್‌ಗಳ ಹೆಸರನ್ನೂ ಹೇಳುವುದಿಲ್ಲ. ಯಾಕೆ ಅಂದರೆ ಈ ಕಥೆಯಲ್ಲಿ ನನ್ನದೂ ಒಂದು ತಪ್ಪಿದೆ. ನನ್ನ ತಪ್ಪು ಹೇಳಿಕೊಳ್ಳಲು ಬೇರೆಯವರ ಹೆಸರು ಯಾಕೆ?

ಆಲ್ಬಂ ಬಂದ ದಿನದಿಂದ ಎಲ್ಲರದೂ ಒಂದೇ ಪ್ರಶ್ನೆ. ಯಾಕೆ ಬಿಟ್ಟ? ಜಗಳ ಆಯ್ತಾ? ಹೊಸಬರು ಜಾಸ್ತಿ ಕೊಟ್ಟರಾ? ಯಾರೂ ಕೇಳದ ಪ್ರಶ್ನೆ ಒಂದಿದೆ: ಬಿಟ್ಟು ಬರುವಾಗ ಏನನ್ನು ಅಲ್ಲೇ ಬಿಟ್ಟು ಬಂದ? ನನ್ನ ಮಾತೆಲ್ಲ ಇದರ ಸುತ್ತಲೇ.

ಹೋಟೆಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಳ್ಳೆ ಭಟ್ಟರು ಒಂದು ಹೋಟೆಲ್ ಬಿಟ್ಟು ಎದುರಿನ ಹೋಟೆಲಿಗೆ ಹೋದರೆ ಏನಾಗುತ್ತದೆ? ಕೈರುಚಿ ಅವರ ಜೊತೆ ಹೋಗುತ್ತದೆ. ಬೋರ್ಡು, ಬಾಯ್ಲರು, ಗಿರಾಕಿಗಳ ಅಭ್ಯಾಸ ಹಳೇ ಜಾಗದಲ್ಲೇ ಉಳಿಯುತ್ತದೆ. ಆದರೆ ಭಟ್ಟರು ನಿನ್ನೆ ಮಾಡಿದ ಸಾಂಬಾರು ನಿನ್ನೆಯೇ ಮುಗಿಯಿತು. ಹಾಡಿನ ತಾಪತ್ರಯ ಇರುವುದು ಇಲ್ಲಿ. ನಿನ್ನೆ ಮಾಡಿದ ಹಾಡು ಇವತ್ತೂ ಬಿಸಿಬಿಸಿಯಾಗಿ ಮಾರಾಟವಾಗುತ್ತಲೇ ಇರುತ್ತದೆ. ಭಟ್ಟರು ಹೋದ ಮೇಲೂ ಅವರದೇ ಕೈಯ ಸಾಂಬಾರು ಹಳೇ ಹೋಟೆಲಿನಲ್ಲಿ ವರ್ಷಗಟ್ಟಲೆ ಸಿಗುತ್ತಿದೆ ಅಂದುಕೊಳ್ಳಿ. ಆ ದುಡ್ಡು ಯಾರ ಗಲ್ಲಾಕ್ಕೆ?

ಇನ್ನು ನಮ್ಮ ಮುಂಬೈ ಹೋಟೆಲಿನವರ ಒಂದು ಶಬ್ದ ಇದೆಯಲ್ಲ, ಕಂಡಕ್ಟು. ಊರಲ್ಲಿ ಹೇಳಿದರೆ ಬಸ್ಸಿನ ಕಂಡಕ್ಟರ್ ಅಂದುಕೊಳ್ಳುತ್ತಾರೆ. ಇಲ್ಲಿ 'ಹೋಟೆಲ್ ಕಂಡಕ್ಟಿಗೆ ಕೊಟ್ಟಿದ್ದೇನೆ' ಅಂದರೆ ಸಾಕು, ಎಲ್ಲರಿಗೂ ಗೊತ್ತು. ಜಾಗ ನನ್ನದು, ಲೈಸೆನ್ಸು ನನ್ನದು, ಬೋರ್ಡು ನನ್ನದು. ನೀನು ಇಂತಿಷ್ಟು ವರ್ಷ ನಡೆಸು, ತಿಂಗಳು ತಿಂಗಳು ಇಷ್ಟು ಕೊಡು, ಅವಧಿ ಮುಗಿದ ಮೇಲೆ ಬೀಗದ ಕೈ ವಾಪಸ್ ಕೊಡು. ಇದು ಕಂಡಕ್ಟು. ಮಾರಾಟ ಬೇರೆ. ಮಾರಿದರೆ ಮುಗಿಯಿತು, ಆಮೇಲೆ ಆ ರಸ್ತೆಯಲ್ಲಿ ಹೋಗುವಾಗ ಹೊರಗಿನಿಂದ ನೋಡಬಹುದು ಅಷ್ಟೇ.

ರೆಕಾರ್ಡ್ ಲೇಬಲ್ ಜೊತೆ ಹಾಡುಗಾರ ಮಾಡಿಕೊಳ್ಳುವ ಕರಾರೂ ಮೂಲದಲ್ಲಿ ಈ ಎರಡೇ. ರೆಕಾರ್ಡಿಂಗನ್ನು ಮಾರುವುದು ಒಂದು, ಕಂಡಕ್ಟಿಗೆ ಕೊಡುವುದು ಇನ್ನೊಂದು. ಮಾರುವುದಕ್ಕೆ ಅಸೈನ್‌ಮೆಂಟ್ ಅಂತಾರೆ, ಕಂಡಕ್ಟಿಗೆ ಲೈಸೆನ್ಸ್ ಅಂತಾರೆ. ರೆಕಾರ್ಡಿಂಗ್‌ನ ಮೂಲ ಪ್ರತಿಗೆ ಮಾಸ್ಟರ್ ಅಂತ ಹೆಸರು. ಮಾಸ್ಟರ್ ಯಾರದು ಅನ್ನುವುದು ಎಲ್ಲಿ ಬರೆದಿರುತ್ತದೆ ಗೊತ್ತಾ? ಮೊಬೈಲಿನಲ್ಲಿ ಆಲ್ಬಂ ತೆರೆಯಿರಿ, ಹಾಡುಗಳ ಪಟ್ಟಿ ದಾಟಿ ಕೆಳಗೆ ಕೆಳಗೆ ಹೋಗಿ. ಬೂದು ಬಣ್ಣದ ಸಣ್ಣ ಅಕ್ಷರ. ವೃತ್ತದೊಳಗೆ ಒಂದು 'ಪಿ', ಪಕ್ಕದಲ್ಲಿ ವರ್ಷ, ಆಮೇಲೆ ಒಂದು ಹೆಸರು. ಪಿ ಅಂದರೆ ಫೋನೋಗ್ರಾಮ್. ಆಲ್ಬಂನ ಸಾತ್‌ಬಾರಾ ಉತಾರಾ ಆ ಒಂದು ಸಾಲು. ನಮ್ಮ ಕಡೆಯವರು ಬೇಕಾದರೆ ಪಹಣಿ ಅನ್ನಿ.

ಇಲ್ಲಿ ಹಾಡು ಬೇರೆ, ರೆಕಾರ್ಡಿಂಗ್ ಬೇರೆ ಅನ್ನುವುದನ್ನು ಗಟ್ಟಿ ಮಾಡಿಕೊಳ್ಳಬೇಕು. ನಮ್ಮೂರಿನದೇ ಉದಾಹರಣೆ ಇದೆ. ಅಂಧೇರಿ ಪೂರ್ವದ ಜೆ.ಬಿ. ನಗರದ ವಿವಿಯನ್ ಫರ್ನಾಂಡಿಸ್, ಅಂದರೆ ಡಿವೈನ್, ಮತ್ತು ಕುರ್ಲಾದ ನಾವೇದ್ ಶೇಖ್, ಅಂದರೆ ನೇಝಿ. ಇಬ್ಬರೂ ರ‍್ಯಾಪ್ ಹಾಡುಗಾರರು, ಸೇರಿ 2015ರಲ್ಲಿ 'ಮೇರೆ ಗಲ್ಲಿ ಮೇ' ಹಾಡಿದರು. ಅದನ್ನು ಹೊರತಂದದ್ದು ಸೋನಿ ಮ್ಯೂಸಿಕ್ ಇಂಡಿಯಾ. 2019ರಲ್ಲಿ 'ಗಲ್ಲಿ ಬಾಯ್' ಸಿನಿಮಾ ಬಂತಲ್ಲ, ಅದರಲ್ಲಿ ಅದೇ ಹಾಡನ್ನು ರಣವೀರ್ ಸಿಂಗ್ ದನಿಯೂ ಸೇರಿಸಿ ಮತ್ತೆ ರೆಕಾರ್ಡ್ ಮಾಡಿದರು. ಆ ಸಿನಿಮಾದ ಹಾಡುಗಳು ಬಂದದ್ದು ಝೀ ಮ್ಯೂಸಿಕ್‌ನಿಂದ. ಹಾಡು ಒಂದೇ. ರೆಕಾರ್ಡಿಂಗ್ ಎರಡು, ಬೋರ್ಡು ಎರಡು. ನೀವು ಯಾವುದನ್ನು ಒತ್ತಿ ಕೇಳುತ್ತೀರೋ ಆ ಬೋರ್ಡಿನವರ ಗಲ್ಲಾ ಗಂಟೆ ಹೊಡೆಯುತ್ತದೆ.

ನೇಝಿ ಅಂದಾಗ ನೆನಪಾಯಿತು. ಅವರು 2014ರಲ್ಲಿ ಮಾಡಿದ ಮೊದಲ ಹಾಡನ್ನು ಐಪ್ಯಾಡಿನಲ್ಲೇ ರೆಕಾರ್ಡ್ ಮಾಡಿ, ಐಪ್ಯಾಡಿನಲ್ಲೇ ವಿಡಿಯೊ ತೆಗೆದು ಹಾಕಿದರು. ನಮ್ಮ ಕಾನೂನು ರೆಕಾರ್ಡಿಂಗ್‌ನ ಒಡೆಯ ಯಾರು ಅನ್ನುತ್ತದೆ? ಮುಂದೆ ನಿಂತು, ಜವಾಬ್ದಾರಿ ಹೊತ್ತು ಅದನ್ನು ಮಾಡಿಸಿದವನು. ಕುರ್ಲಾದ ಮನೆಯಲ್ಲಿ ಹುಡುಗನೇ ಮಾಡಿದರೆ ಹುಡುಗನೇ ಒಡೆಯ. ಲೇಬಲ್ ಸ್ಟುಡಿಯೊ ಬಾಡಿಗೆ ಕೊಟ್ಟು ಮಾಡಿಸಿದರೆ ಲೇಬಲ್ ಒಡೆಯ. ಹಾಗಾಗಿ ಬಡ ಹುಡುಗರ ಮೊದಲ ಹಾಡುಗಳು ಎಷ್ಟೋ ಸಲ ಅವರದೇ ಆಗಿರುತ್ತವೆ. ಹೆಸರು ಬಂದ ಮೇಲೆ ಮಾಡಿದ ಹಾಡುಗಳು ಅವರದಾಗಿರುವುದಿಲ್ಲ. ವಿಚಿತ್ರ ಅಲ್ವಾ?

ಈಗ ನನ್ನ ತಪ್ಪಿಗೆ ಬರೋಣ.

ಹುಡುಗ ಮೊದಲ ಕರಾರು ತಂದಾಗ ಇಪ್ಪತ್ತಮೂರು ಪುಟ ಇತ್ತು. ಅಪ್ಪನೂ ಜೊತೆಗೆ ಬಂದಿದ್ದರು, ಬಿಳಿ ಅಂಗಿ ಇಸ್ತ್ರಿ ಮಾಡಿಸಿಕೊಂಡು. ಮೊದಲ ಪುಟದಲ್ಲೇ ಮುಂಗಡದ ಮೊತ್ತ. ಅಪ್ಪ ಎರಡು ವರ್ಷ ಗಲ್ಲಾದಲ್ಲಿ ಕೂತರೂ ಅಷ್ಟು ಎಣಿಸಲಾರರು, ಅಂದರೆ ಸ್ವಂತಕ್ಕೆ. ನಾನು ಏನು ನೋಡಿದೆ? ಟಿಡಿಎಸ್ ಎಷ್ಟು ಹಿಡಿಯುತ್ತಾರೆ, ಜಿಎಸ್‌ಟಿ ಬೇಕಾ ಬೇಡವಾ, ಯಾವ ವರ್ಷದ ಲೆಕ್ಕಕ್ಕೆ ತೋರಿಸಬೇಕು. ಲೆಕ್ಕಿಗನ ಕಣ್ಣು. 'ಒಳ್ಳೇದಾಯ್ತು, ಸೈನ್ ಮಾಡು' ಅಂದೆ. ಹನ್ನೊಂದನೇ ಪುಟ ನಾನು ಓದಲೇ ಇಲ್ಲ.

ಹನ್ನೊಂದನೇ ಪುಟದಲ್ಲಿ ಏನಿತ್ತು ಅಂದರೆ, ಈ ರೆಕಾರ್ಡಿಂಗ್‌ಗಳ ಎಲ್ಲ ಹಕ್ಕು ಕಂಪನಿಗೆ, ಶಾಶ್ವತವಾಗಿ, ಇಡೀ ಬ್ರಹ್ಮಾಂಡದಲ್ಲಿ. ನಿಜವಾಗಿಯೂ ಹಾಗೇ ಬರೆದಿರುತ್ತಾರೆ. ಭಾರತದಲ್ಲಿ ಅಲ್ಲ, ಪ್ರಪಂಚದಲ್ಲಿ ಅಲ್ಲ, ಬ್ರಹ್ಮಾಂಡದಲ್ಲಿ. ಆಮೇಲೆ ಓದಿದಾಗ ನಮ್ಮ ಆಫೀಸಿನ ಹುಡುಗಿ ಕೇಳಿದಳು, 'ಸಾರ್, ಯಮಲೋಕದಲ್ಲಿ ಹಾಡಿದರೂ ಇವರಿಗೇ ದುಡ್ಡಾ?' ಇದು ಆ ಒಂದು ಕಂಪನಿಯ ಕಿತಾಪತಿ ಅಂದುಕೊಳ್ಳಬೇಡಿ. ಆ ಧಂದೆಯಲ್ಲಿ ಆ ಸಾಲು ನಮ್ಮ ದಸ್ತಾವೇಜಿನ 'ನಿಧಿ ನಿಕ್ಷೇಪ ಜಲ ತರು ಪಾಷಾಣ' ಇದ್ದ ಹಾಗೆ, ಒಬ್ಬರನ್ನು ನೋಡಿ ಇನ್ನೊಬ್ಬರು ಬರೆದುಕೊಂಡು ಬಂದದ್ದು.

ಮುಂಗಡದ ಲೆಕ್ಕ ಬೇರೆ ಇದೆ, ಅದನ್ನು ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ಹುಡುಗನ ನಿಜವಾದ ಅಂಕಿ ಅಲ್ಲ, ಲೆಕ್ಕಕ್ಕೆ ಅಂತ ಗುಂಡು ಅಂಕಿ. ಮುಂಗಡ 10 ಲಕ್ಷ. ವಿಡಿಯೊ, ಸ್ಟುಡಿಯೊ, ಪ್ರಚಾರ ಅಂತ ಹುಡುಗನ ಖಾತೆಗೆ ಬರೆದದ್ದು ಇನ್ನು 6 ಲಕ್ಷ. ಒಟ್ಟು 16. ಗಳಿಕೆಯಲ್ಲಿ ಹುಡುಗನ ಪಾಲು ನೂರಕ್ಕೆ 20. ಈಗ ಈ 16 ಲಕ್ಷವನ್ನು ಯಾವುದರಿಂದ ಮುರಿದುಕೊಳ್ಳುತ್ತಾರೆ? ಒಟ್ಟು ಗಳಿಕೆಯಿಂದ ಅಲ್ಲ. ಹುಡುಗನ ಆ 20ರಿಂದ. ಅಂದರೆ ಆಲ್ಬಂ 80 ಲಕ್ಷ ದುಡಿಯುವವರೆಗೂ ಅವನ ಕೈಗೆ ಮೇಲಿನ ಒಂದು ರೂಪಾಯಿಯೂ ಬರುವುದಿಲ್ಲ. ಅಷ್ಟರಲ್ಲಿ ಲೇಬಲ್ ಪಾಲಿಗೆ 64 ಲಕ್ಷ ಬಂದಿದೆ, ಹುಡುಗನಿಂದ ಮುರಿದುಕೊಂಡ 16 ಬೇರೆ.

ಶೆಟ್ಟರು ತಲೆ ಅಲ್ಲಾಡಿಸುತ್ತಿದ್ದಾರೆ. ಇನ್ನೂ ಇದೆ ಶೆಟ್ರೇ. ಬಳೆ ಅಡವಿಟ್ಟು ಸಾಲ ತೀರಿಸಿದರೆ ಬಳೆ ವಾಪಸ್ ಬರುತ್ತದೆ. ಇಲ್ಲಿ 16 ಲಕ್ಷ ತೀರಿದ ಮೇಲೂ ಮಾಸ್ಟರ್ ಲೇಬಲ್‌ನದ್ದೇ. ಎರಡನೇ ಆಲ್ಬಂ ಮಾಡಿದರೆ ಮೊದಲನೆಯದರ ಬಾಕಿಯನ್ನು ಅದರ ಖಾತೆಗೆ ತಂದು ಸೇರಿಸುತ್ತಾರೆ.

ಲೇಬಲ್‌ನವರು ರಾಕ್ಷಸರು ಅಂತ ನಾನು ಹೇಳುತ್ತಿಲ್ಲ. ಆಲ್ಬಂ ಬಿದ್ದುಹೋದರೆ ಆ 16 ಲಕ್ಷವನ್ನು ಹುಡುಗ ಮನೆ ಮಾರಿ ವಾಪಸ್ ಕೊಡಬೇಕಿಲ್ಲ. ನಷ್ಟ ಅವರದೇ. ಹತ್ತು ಹುಡುಗರ ಮೇಲೆ ಹಾಕಿದ ದುಡ್ಡು ಒಬ್ಬನಿಂದ ವಸೂಲಾಗಬೇಕು ಅನ್ನುವುದು ಅವರ ವ್ಯಾಪಾರ. ಬಾಡಿಗೆ ಕಟ್ಟಿ, ಗ್ಯಾಸ್ ತುಂಬಿಸಿ, ಗಿರಾಕಿ ಬಾರದೆ ಕೂತವರಿಗೆ ಆ ಕಷ್ಟ ಗೊತ್ತು. ನಾನು ಹೇಳುವುದು ಇಷ್ಟೇ: ಮಾರುತ್ತಿದ್ದೇನೆ ಅಂತ ಗೊತ್ತಿದ್ದು ಮಾರು. ಕಂಡಕ್ಟಿಗೆ ಕೊಡುತ್ತಿದ್ದೇನೆ ಅಂದುಕೊಂಡು ಮಾರಬೇಡ. ನಮ್ಮ ಹುಡುಗ ಹಾಗೆ ಅಂದುಕೊಂಡಿದ್ದ. ಅವನ ಅಪ್ಪನೂ. ಅವರು ನಂಬಿದ ಲೆಕ್ಕಿಗನೂ.

ಗೊತ್ತಾದದ್ದು ಹೇಗೆ ಕೇಳಿ. ಮಳೆಗಾಲದ ಒಂದು ಸಂಜೆ ಹುಡುಗ ಚಾಳಿನ ಟೆರೇಸಿನಲ್ಲಿ ನಿಂತು ತನ್ನದೇ ಹಳೇ ಹಾಡನ್ನು ಹಾಡಿದ. ಹಿಂದೆ ಮೊಬೈಲಿನಲ್ಲಿ ಅದರ ಬೀಟ್, ಅಂದರೆ ಮಾತಿನ ಹಿಂದೆ ಬರುವ ತಾಳ-ವಾದ್ಯ, ಹಾಕಿಕೊಂಡಿದ್ದ. ಒಣಹಾಕಿದ ಚಾದರ, ನೀರಿನ ಟ್ಯಾಂಕು, ಪಕ್ಕದ ಮನೆ ಮಗು ಕುಣಿಯುವುದು ಎಲ್ಲ ವಿಡಿಯೊದಲ್ಲಿ ಬಂದಿತ್ತು. ಯೂಟ್ಯೂಬಿಗೆ ಹಾಕಿದ. ಅದು ಏರಿ ಮುಗಿಯುವಷ್ಟರಲ್ಲಿ ನೋಟಿಸು ಬಂತು, ಈ ವಿಡಿಯೊದಲ್ಲಿ ಬೇರೆಯವರ ಹಾಡಿದೆ, ಇದರ ಗಳಿಕೆ ಅವರಿಗೆ ಹೋಗುತ್ತದೆ ಅಂತ. ಅವನ ಬಾಯಿ, ಅವನ ಮಾತು, ಅವನ ಮನೆಯ ಟೆರೇಸು. ಫೋನ್ ಹಿಡಿದುಕೊಂಡು ನೇರ ನನ್ನ ಆಫೀಸಿಗೆ ಬಂದ. 'ಅಂಕಲ್, ನಾನು ಯಾರು?' ಅಂದ. ಆ ರಾತ್ರಿ ಕೂತು ಹನ್ನೊಂದನೇ ಪುಟ ಓದಿದೆ.

ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಕ್ಷಮಿಸಿ. ರ‍್ಯಾಪ್ ಹುಡುಗರು ಹಾಡಿನ ಮಧ್ಯೆ ತಮ್ಮ ಹೆಸರನ್ನು ತಾವೇ ಕೂಗಿಕೊಳ್ಳುತ್ತಾರಲ್ಲ, ಅದು ಕೇಳಿ ನಮ್ಮ ಮನೆಯಲ್ಲಿ ನಗುತ್ತಾರೆ. ಆದರೆ ಈ ದೇಶದಲ್ಲಿ ರೆಕಾರ್ಡಿಂಗ್ ಶುರುವಾದದ್ದೇ ಹಾಗೆ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದರು. ಹಾಡು ಮುಗಿಸಿ ಕೊನೆಯಲ್ಲಿ ಇಂಗ್ಲಿಷಿನಲ್ಲಿ 'ನನ್ನ ಹೆಸರು ಗೌಹರ್ ಜಾನ್' ಅಂತ ಹೇಳಿದರು. ಯಾಕೆ ಅಂದರೆ ಗ್ರಾಮಫೋನ್ ತಟ್ಟೆ ಅಚ್ಚು ಹಾಕುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಯಾವ ತಟ್ಟೆ ಯಾರದು ಅಂತ ಗೊತ್ತಾಗಬೇಕಲ್ಲ. ಆ ಗೌಹರ್ ಜಾನ್ ಕೊನೆಗೆ ನಮ್ಮ ಮೈಸೂರಿಗೆ ಬಂದು, ನಾಲ್ವಡಿಯವರ ಆಸ್ಥಾನದಲ್ಲಿದ್ದು, 1930ರಲ್ಲಿ ಅಲ್ಲೇ ತೀರಿಕೊಂಡರು. ಇನ್ನು ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ಎಚ್‌ಎಂವಿ ತಟ್ಟೆಗಳ ಮೇಲೆ ಅವರ ಹೆಸರೇ ಇರಲಿಲ್ಲ, 'ಗಾಂಧಾರಿ ಹುಬ್ಳಿಕರ್' ಅಂತ ಇತ್ತು. ಬೋರ್ಡಿನ ಮೇಲೆ ಏನು ಬರೆಯಬೇಕು ಅನ್ನುವುದು ಆಗಲೂ ಕಂಪನಿಯ ಕೈಯಲ್ಲೇ.

ಅದಕ್ಕೂ ಮೊದಲು ನಮ್ಮಲ್ಲಿ ಇನ್ನೊಂದು ಉಪಾಯ ಇತ್ತು. ಅಂಕಿತ. ಲೇಬಲ್ ಹೊರಗೆ ಅಂಟಿಸುವುದು, ಅಂಕಿತ ಹಾಡಿನ ಒಳಗೇ ಹೊಲಿದಿರುವುದು. ಕಿತ್ತರೆ ಹಾಡೇ ಹರಿಯುತ್ತದೆ. ಕೂಡಲಸಂಗಮದೇವ, ಕಾಗಿನೆಲೆಯಾದಿಕೇಶವ, ಎಲ್ಲದರಲ್ಲೂ ಒಂದು ಊರಿದೆ ನೋಡಿ. ಈ ಹುಡುಗರೂ ಊರನ್ನೇ ಹೊಲಿಯುತ್ತಾರೆ. ಧಾರಾವಿಯ ಎಂಸಿ ಅಲ್ತಾಫ್ ಹಾಡಿನ ಹೆಸರೇ 'ಕೋಡ್ ಮುಂಬೈ 17'. 17 ಯಾವುದು? ಧಾರಾವಿಯ ಪಿನ್ ಕೋಡಿನ ಬಾಲ, 400017. ಪುಣೆಯ ಎಂಸಿ ಸ್ಟ್ಯಾನ್ ಅಂದರೆ ತಾಡಿವಾಲಾ ರೋಡು. ಲೇಬಲ್ ಬದಲಾದರೂ ಪಿನ್ ಕೋಡ್ ಬದಲಾಗುವುದಿಲ್ಲ. ಬಸವಣ್ಣನವರ ಜೊತೆ ಇವರನ್ನು ಕೂರಿಸಿದೆ ಅಂತ ಯಾರೂ ಸಿಟ್ಟಾಗಬೇಡಿ. ನಾನು ಹೇಳಿದ್ದು ಹೊಲಿಗೆಯ ಬಗ್ಗೆ, ಬಟ್ಟೆಯ ಬಗ್ಗೆ ಅಲ್ಲ.

ಸರಿ, ಲೇಬಲ್ ಬದಲಾಯಿಸುವ ವಿಷಯಕ್ಕೆ. ನಮ್ಮ ಕಡೆ ಯಕ್ಷಗಾನದವರು ಮೇಳ ಬಿಡುವುದನ್ನು ನೋಡಿದ್ದೀರಿ. ಪತ್ತನಾಜೆಗೆ, ಅಂದರೆ ವರ್ಷದ ಆಟ ಮುಗಿಯುವ ದಿನ, ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲ ಪೂರ್ತಿ ಒಂದೇ ಸುದ್ದಿ, ಬರುವ ತಿರುಗಾಟಕ್ಕೆ ಯಾರು ಯಾವ ಮೇಳ. ಹಳೇ ಯಜಮಾನರ ಮುಂಗಡ ಬಾಕಿ ಇದ್ದರೆ ಹೊಸ ಯಜಮಾನರು ತೀರಿಸಿ ಕರೆದುಕೊಂಡು ಹೋದರಂತೆ ಅಂತ ನಾವು ಸಣ್ಣವರಿದ್ದಾಗ ಕೇಳುತ್ತಿದ್ದೆವು. ಲೇಬಲ್‌ಗಳಲ್ಲೂ ಅದೇ. ಹೊಸ ಲೇಬಲ್ ಹಳೇ ಲೇಬಲ್‌ಗೆ ಒಂದಿಷ್ಟು ಕೊಟ್ಟು ಹುಡುಗನನ್ನು ಬಿಡಿಸಿಕೊಳ್ಳುತ್ತದೆ, ಇಲ್ಲವೇ ಮುಂದಿನ ಆಲ್ಬಂಗಳ ಗಳಿಕೆಯಲ್ಲಿ ಹಳಬರಿಗೂ ಒಂದು ಚೂರು ಪಾಲು.

ಇದರಲ್ಲಿ ನನಗೆ ತುಂಬ ಇಷ್ಟವಾದ ಕಥೆ ನ್ಯೂಯಾರ್ಕಿನ ರ‍್ಯಾಪ್ ಹಾಡುಗಾರ ನಾಸ್ ಅವರದ್ದು. ಮೊದಲ ಆಲ್ಬಂ 1994ರಲ್ಲಿ, ಕೊಲಂಬಿಯಾ ಲೇಬಲ್‌ನಿಂದ. ಅವರಿಗೂ ಇನ್ನೊಬ್ಬ ರ‍್ಯಾಪ್ ಹಾಡುಗಾರ ಜೇ-ಝಿ ಅವರಿಗೂ 2001ರ ಹೊತ್ತಿಗೆ ದೊಡ್ಡ ವಾಕ್ಸಮರ, ಹಾಡಿನಲ್ಲಿ ಇವರು ಅವರನ್ನು ಬೈಯುವುದು, ಅವರು ಇವರನ್ನು. ನಮ್ಮ ತಾಳಮದ್ದಳೆಯಲ್ಲಿ ಇಬ್ಬರು ದೊಡ್ಡ ಅರ್ಥಧಾರಿಗಳು ಕರ್ಣಾರ್ಜುನರಾಗಿ ಕೂತ ಹಾಗೆ, ಆದರೆ ಬೆಳಗಾದ ಮೇಲೂ ಸಿಟ್ಟು ಇಳಿಯಲಿಲ್ಲ. 2005ರಲ್ಲಿ ವೇದಿಕೆಯ ಮೇಲೆ ರಾಜಿಯಾದರು. ಆಗ ಜೇ-ಝಿ ಡೆಫ್ ಜಾಮ್ ಲೇಬಲ್‌ನ ಅಧ್ಯಕ್ಷ. 2006ರಲ್ಲಿ ನಾಸ್ ಅದೇ ಡೆಫ್ ಜಾಮ್ ಸೇರಿದರು! ಡಿಸೆಂಬರಿನಲ್ಲಿ ಬಂದ ಆಲ್ಬಂ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಎದುರಾಳಿಯ ಮೇಳಕ್ಕೇ ಸೇರಿ ಗೆಜ್ಜೆ ಕಟ್ಟಿದ್ದು.

ಅದೇ ನಾಸ್ ಆಮೇಲೆ ಮಾಸ್ ಅಪೀಲ್ ಅಂತ ತಮ್ಮದೇ ಲೇಬಲ್ ಕಟ್ಟುವುದರಲ್ಲಿ ಕೈಜೋಡಿಸಿದರು. 2019ರಲ್ಲಿ ಅದು ಯೂನಿವರ್ಸಲ್ ಮ್ಯೂಸಿಕ್ ಇಂಡಿಯಾ ಜೊತೆ ಸೇರಿ ಇಲ್ಲಿ ಅಂಗಡಿ ತೆರೆಯಿತು. ಮೊದಲು ಸೇರಿಸಿಕೊಂಡದ್ದು ಯಾರನ್ನು? ನಮ್ಮ ಜೆ.ಬಿ. ನಗರದ ಡಿವೈನ್ ಅವರನ್ನು. 2020ರ ಡಿಸೆಂಬರಿನಲ್ಲಿ ಅವರ ಎರಡನೇ ಆಲ್ಬಂ 'ಪುಣ್ಯ ಪಾಪ್' ಬಂದದ್ದು ಆ ಲೇಬಲ್ ಹೆಸರಿನಲ್ಲಿ. ಸೋನಿಯಲ್ಲಿದ್ದಾಗ ಬಂದ 'ಮೇರೆ ಗಲ್ಲಿ ಮೇ' ಈಗಲೂ ಸೋನಿಯ ಬೋರ್ಡಿನ ಕೆಳಗೇ ಇದೆ. ಭಟ್ಟರು ಹೊಸ ಹೋಟೆಲಿನಲ್ಲಿ, ಹಳೇ ಸಾಂಬಾರು ಹಳೇ ಹೋಟೆಲಿನಲ್ಲಿ.

ಎಲ್ಲರಿಗೂ ಬಿಡುಗಡೆ ಇಷ್ಟು ಸಲೀಸಾಗಿ ಸಿಗುವುದಿಲ್ಲ. ಅಮೆರಿಕದ ರ‍್ಯಾಪ್ ಹಾಡುಗಾರ ಲಿಲ್ ವೇಯ್ನ್ ಅವರ ಒಂದು ಆಲ್ಬಂ 2014ರಲ್ಲಿ ಬರಬೇಕಿತ್ತು. ಲೇಬಲ್ ಜೊತೆ ಜಗಳ, ಕೋರ್ಟು. ಬಂದದ್ದು 2018ರ ಸೆಪ್ಟೆಂಬರಿನಲ್ಲಿ. ಅಲ್ಲಿಯದೇ ಡೆ ಲಾ ಸೋಲ್ ಅನ್ನುವ ರ‍್ಯಾಪ್ ತಂಡದ್ದು ಇನ್ನೂ ಉದ್ದದ ಗೋಳು. ಮೊದಲ ಆಲ್ಬಂ 1989ರದ್ದು. ಬೇರೆ ಹಾಡುಗಳ ತುಣುಕುಗಳನ್ನು ಕತ್ತರಿಸಿ ಅಂಟಿಸಿ ಮಾಡಿದ ಹಾಡುಗಳು. ಆ ತುಣುಕುಗಳಿಗೆ ಒಪ್ಪಿಗೆ ಪಡೆದಾಗ ಕ್ಯಾಸೆಟ್ಟು, ತಟ್ಟೆ ಅಂತ ಬರೆದುಕೊಂಡಿದ್ದರು. ಇಂಟರ್ನೆಟ್ಟು ಅಂತ ಒಂದು ಬರುತ್ತದೆ ಅಂತ ಆಗ ಯಾರಿಗೆ ಗೊತ್ತಿತ್ತು? ಆ ಹಾಡುಗಳು ಸ್ಟ್ರೀಮಿಂಗ್‌ಗೆ ಬಂದದ್ದು 2023ರ ಮಾರ್ಚ್‌ನಲ್ಲಿ. ಕಾಗದದಲ್ಲಿ ಒಂದು ಶಬ್ದ ಇಲ್ಲದ್ದಕ್ಕೆ ಇಡೀ ಒಂದು ತಲೆಮಾರು ಆ ಹಾಡುಗಳನ್ನು ಮೊಬೈಲಿನಲ್ಲಿ ಕೇಳದೆ ಬೆಳೆಯಿತು.

ಅಲ್ಲಿಯದೇ ಇನ್ನೊಬ್ಬ ರ‍್ಯಾಪ್ ಹಾಡುಗಾರ ಸ್ನೂಪ್ ಡಾಗ್ ಕಥೆ ಹೇಳಿದರೆ ನೀವು ಚಪ್ಪಾಳೆ ಹೊಡೆಯುತ್ತೀರಿ. 1993ರಲ್ಲಿ ಡೆತ್ ರೋ ಅನ್ನುವ ಲೇಬಲ್‌ನಿಂದ ಮೊದಲ ಆಲ್ಬಂ. ಜಗಳವಾಡಿಕೊಂಡು ಹೊರಗೆ ಬಂದರು. 1998ರಲ್ಲಿ ನೋ ಲಿಮಿಟ್ ಅನ್ನುವ ಬೇರೆ ಲೇಬಲ್‌ನಿಂದ ಹೊಸ ಆಲ್ಬಂ. ಹಳೇ ಹಾಡುಗಳು ಹಳೇ ಕಡೆಯೇ ಉಳಿದವು. ಡೆತ್ ರೋ ದಿವಾಳಿಯಾಗಿ ಕೈಯಿಂದ ಕೈಗೆ ಹೋಯಿತು. 2022ರ ಫೆಬ್ರವರಿಯಲ್ಲಿ ಅದನ್ನು ಕೊಂಡದ್ದು ಯಾರು? ಸ್ನೂಪ್ ಡಾಗ್. ಟೇಬಲ್ ಒರೆಸಲು ಸೇರಿದ ಹುಡುಗ ಅದೇ ಹೋಟೆಲನ್ನು ಕೊಂಡ ಕಥೆ ನಮ್ಮಲ್ಲಿ ಎಷ್ಟು ಬೇಕು! ಇಲ್ಲಿ ಕೂತವರಲ್ಲೇ ಇಬ್ಬರು ಇದ್ದಾರೆ, ಹೆಸರು ಹೇಳಿದರೆ ನಾಚಿಕೊಳ್ಳುತ್ತಾರೆ.

ಲೇಬಲ್ ಯಾಕೆ ಬೇಕು, ಇಲ್ಲದೆ ಆಗುವುದಿಲ್ಲವಾ ಅಂತ ಚೀಟಿ ಬಂದಿದೆ. ಆಗುತ್ತದೆ. ವರ್ಷಕ್ಕೆ ಸ್ವಲ್ಪ ದುಡ್ಡು ಕಟ್ಟಿದರೆ ಹಾಡನ್ನು ಎಲ್ಲ ಆ್ಯಪ್‌ಗಳಿಗೆ ತಲುಪಿಸುವ ವಿತರಕರು ಇದ್ದಾರೆ. ರ‍್ಯಾಪ್ ಹಾಡುಗಾರ ಎಮಿವೇ ಬಂಟಾಯ್ ಇಲ್ಲವಾ, ಅವರು ದೊಡ್ಡ ಲೇಬಲ್ ಹಿಡಿಯದೆ ತಾವೇ ಹಾಡು ಬಿಟ್ಟು ಬಿಟ್ಟು ಹೆಸರು ಮಾಡಿದವರು. ಅಂದ ಹಾಗೆ ಬಂಟಾಯ್ ಅಂದರೆ ಬಂಬಯ್ಯಾ ಭಾಷೆಯಲ್ಲಿ ಗಟ್ಟಿ ಆಸಾಮಿ, ದೋಸ್ತ್ ಅಂತ. ಬಂಟರ ಸಂಘಕ್ಕೂ ಅದಕ್ಕೂ ಸಂಬಂಧ ಇಲ್ಲ. ಕಳೆದ ಸಲ ಇದೇ ಅನುಮಾನ ಒಬ್ಬರು ಕೇಳಿದ್ದರು.

ಬೈಗುಳ ಯಾಕೆ ಅಂತ ಇನ್ನೊಂದು ಚೀಟಿ. ಹಾಡಿನಲ್ಲಿ ಬೈಗುಳ ಜಾಸ್ತಿ, ನಿಜ. ನನಗೂ ಕಸಿವಿಸಿ. ಆದರೆ ಹೋಟೆಲಿನ ಅಡುಗೆಮನೆಯ ಮಾತು ಕೇಳಿ ಬೆಳೆದ ನಾವು ಅದರ ಬಗ್ಗೆ ಜಾಸ್ತಿ ಉಪದೇಶ ಮಾಡುವ ಹಾಗಿಲ್ಲ.

ಈಗ ಕಾನೂನು, ಎರಡೇ ಮಾತು. ನಮ್ಮ ಕಾಪಿರೈಟ್ ಕಾಯ್ದೆ 1957ರದ್ದು. ಅದರ 19ನೇ ಕಲಮಿನಲ್ಲಿ ಒಂದು ಮುದ್ದಾದ ಮಾತಿದೆ. ಹಕ್ಕು ಬರೆದುಕೊಡುವಾಗ ಅವಧಿ ಎಷ್ಟು ಅಂತ ಬರೆದಿಲ್ಲದಿದ್ದರೆ ಐದು ವರ್ಷ ಅಂತ ತಿಳಿಯಬೇಕು. ಯಾವ ಪ್ರದೇಶ ಅಂತ ಬರೆದಿಲ್ಲದಿದ್ದರೆ ಭಾರತ ಮಾತ್ರ. ಅಂದರೆ ಕಾನೂನು ತಾನಾಗಿ ಇಷ್ಟೇ ಕೊಡುವುದು: ಐದು ವರ್ಷ, ಒಂದು ದೇಶ. ಶಾಶ್ವತ, ಬ್ರಹ್ಮಾಂಡ ಅಂತ ಹನ್ನೊಂದನೇ ಪುಟದಲ್ಲಿ ಅಷ್ಟು ಗಟ್ಟಿಯಾಗಿ ಬರೆಯುವುದು ಇದೇ ಕಾರಣಕ್ಕೆ. ಇನ್ನೊಂದು, 2012ರಲ್ಲಿ ಈ ಕಾಯ್ದೆ ತಿದ್ದಿದರು. ಅದರಿಂದ ಹಾಡು ಬರೆದವರ, ರಾಗ ಹಾಕಿದವರ ರಾಯಲ್ಟಿ ಪಾಲನ್ನು ಪೂರ್ತಿ ಬರೆಸಿಕೊಳ್ಳಲು ಆಗದ ಹಾಗಾಯಿತು. ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಇದಕ್ಕಾಗಿ ನಿಂತು ಮಾತಾಡಿದ್ದರು. ರ‍್ಯಾಪ್ ಹುಡುಗನಿಗೆ ಇದು ದೊಡ್ಡ ಆಸರೆ, ಯಾಕೆಂದರೆ ಅವನು ಹಾಡುಗಾರ ಮಾತ್ರ ಅಲ್ಲ, ಮಾತು ಬರೆದವನೂ ಅವನೇ. ಮಾಸ್ಟರ್ ಹೋದರೂ ಬರೆದ ಮಾತಿನ ಪಾಲು ಸಿಗಬೇಕು. ಆ ರಾಯಲ್ಟಿ ವಸೂಲು ಮಾಡಿ ಹಂಚಲು ಐಪಿಆರ್‌ಎಸ್ ಅಂತ 1969ರಿಂದ ಒಂದು ಸಂಸ್ಥೆ ಇದೆ, ಅಲ್ಲಿ ಹೆಸರು ನೋಂದಾಯಿಸಿರಬೇಕು ಅಷ್ಟೇ. ನಮ್ಮ ಹುಡುಗನ ಹೆಸರು ನೋಂದಾಯಿಸಿರಲಿಲ್ಲ. ನನಗೆ ಗೊತ್ತೇ ಇರಲಿಲ್ಲ. ಈಗ ಮಾಡಿಸಿದ್ದೇನೆ.

ಹೊಸ ಲೇಬಲ್‌ನಲ್ಲಿ ಹಾಡು ಬದಲಾಗಿದೆಯಾ? ಬದಲಾಗಿದೆ. ಮೊದಲು ಅವನು ಇಂಟರ್ನೆಟ್ಟಿನಲ್ಲಿ ಬಾಡಿಗೆಗೆ ಸಿಗುವ ಬೀಟ್ ತರುತ್ತಿದ್ದ. ಅದೇ ಬೀಟನ್ನು ಇನ್ನೂ ನೂರು ಹುಡುಗರು ಬಾಡಿಗೆಗೆ ತಂದಿರುತ್ತಾರೆ, ಮದುವೆ ಹಾಲಿನ ಶೇರ್ವಾನಿ ಇದ್ದ ಹಾಗೆ. ಈ ಸಲ ಅವನಿಗೆಂದೇ ಹೊಲಿಸಿದ ಬೀಟ್. ಒಂದು ಹಾಡಿನಲ್ಲಿ ಚಂಡೆ ಇದೆ. ಊರಿನ ಆಟದಲ್ಲಿ ಪ್ರವೇಶಕ್ಕೆ ಮೊದಲು ಪರದೆಯ ಹಿಂದಿನಿಂದ ಏರಿ ಏರಿ ಬರುತ್ತದಲ್ಲ, ಆ ಚಂಡೆ. ಅದರ ಮೇಲೆ ಇವನು ಸಾಕಿನಾಕಾ ಸಿಗ್ನಲ್ಲಿನಲ್ಲಿ ಬೆಸ್ಟ್ ಬಸ್ಸು ಸಿಕ್ಕಿಹಾಕಿಕೊಂಡದ್ದನ್ನು ಹೇಳುತ್ತಾನೆ. ಒಂದು ಸಾಲು ಪೂರ್ತಿ ಕುಂದಾಪ್ರ ಕನ್ನಡ. ಹಳೇ ಲೇಬಲ್‌ನವರು ಹಿಂದಿ ಬಿಟ್ಟು ಬೇರೆ ಬೇಡ ಅಂತಿದ್ದರಂತೆ. ಉಳಿದ ಹಾಡುಗಳು ಎಲ್ಲವೂ ಒಂದೇ ತೂಕದವಲ್ಲ. ಎರಡು ಹಾಡು ಸುಮ್ನೆ ಲೆಕ್ಕಕ್ಕೆ ಸೇರಿಸಿದಂತಿವೆ, ಅವನಿಗೂ ಹೇಳಿದೆ.

ಹೊಸ ಕರಾರು ಒಂಬತ್ತು ಪುಟ. ಈ ಸಲ ನಾನು ಹನ್ನೊಂದನೇ ಪುಟ ಹುಡುಕಿದೆ, ಇರಲಿಲ್ಲ. ಮುಂಗಡ ಮೊದಲಿನದರ ಅರ್ಧಕ್ಕಿಂತ ಕಡಿಮೆ. ಅಪ್ಪನಿಗೆ ಅದು ಹಿಡಿಸಲಿಲ್ಲ. 'ದೊಡ್ಡ ಹೋಟೆಲ್ ಬಿಟ್ಟು ಸಣ್ಣ ಹೋಟೆಲಿಗಾ?' ಅಂದರು. ನಾನು ಅಂದೆ, ಇದು ಮಾರಾಟ ಅಲ್ಲ ಸ್ವಾಮಿ, ಏಳು ವರ್ಷದ ಕಂಡಕ್ಟು. ಮುಗಿದ ಮೇಲೆ ಬೀಗದ ಕೈ ವಾಪಸ್. ಕಂಡಕ್ಟು ಅಂದದ್ದೇ ಅವರ ಮುಖ ಬಿಚ್ಚಿತು. ಅಷ್ಟು ಹೊತ್ತು ನಾನು ಲೈಸೆನ್ಸು, ಮಾಸ್ಟರು ಅಂತ ಒದರುತ್ತಿದ್ದೆ.

ಆಲ್ಬಂ ಬಂದ ರಾತ್ರಿ ಅವರ ಮನೆಗೆ ಹೋಗಿದ್ದೆ. ಹನ್ನೆರಡು ಗಂಟೆಗೆ ಬಂತು. ಹುಡುಗನ ಸ್ನೇಹಿತರು ಕಿರುಚುತ್ತಿದ್ದರು. ಅಪ್ಪ ಹೋಟೆಲ್ ಮುಚ್ಚಿ ಆಗಷ್ಟೇ ಬಂದಿದ್ದರು. ಹಾಡು ಕೇಳಲಿಲ್ಲ. 'ಅದೇನೋ ಕೊನೇ ಸಾಲು ಅಂದಿದ್ದಿರಲ್ಲ, ಅದು ತೋರಿಸಿ' ಅಂದರು. ಕೆಳಗೆ ಜಾರಿಸಿ ತೋರಿಸಿದೆ. ವೃತ್ತದೊಳಗೆ ಪಿ, ವರ್ಷ, ಮಗನ ಪೂರ್ತಿ ಹೆಸರು. ಆಮೇಲೆ 'ಇವರಿಗೆ ಲೈಸೆನ್ಸ್ ಕೊಟ್ಟದ್ದು' ಅಂತ ಲೇಬಲ್ ಹೆಸರು. ಕನ್ನಡಕ ಹಾಕಿಕೊಂಡು, ಫೋನನ್ನು ಟ್ಯೂಬ್‌ಲೈಟ್ ಹತ್ತಿರ ಹಿಡಿದು, ಅಕ್ಷರ ಅಕ್ಷರ ಓದಿದರು. ಎರಡು ಸಲ.

'ಸ್ಪೆಲಿಂಗ್ ತಪ್ಪಿದೆ' ಅಂದರು. 'ನನ್ನ ಇನಿಷಿಯಲ್ ಬಿಟ್ಟಿದ್ದಾರೆ. ಪ್ಯಾನ್ ಕಾರ್ಡಿನಲ್ಲಿ ಇರೋ ಹಾಗೆ ಇರಬೇಕು. ಇಲ್ಲದಿದ್ದರೆ ಬ್ಯಾಂಕಿನವರು ದುಡ್ಡು ತಡೆಹಿಡೀತಾರೆ. ನಾಳೆ ಬೆಳಿಗ್ಗೆ ಮೊದಲು ಅದನ್ನು ತಿದ್ದಿಸಿ.'

ತಿದ್ದಿಸಿದೆವು. ಎರಡು ದಿನ ಹಿಡಿಯಿತು.